ಆ್ಯಡ್ ಬರ್ತಿಲ್ಲ ಅಂತ ಬೇಜಾರು

ಟೀವಿಲಿ ಜಾಹೀರಾತು ಬರ್ಲಿಲ್ಲ ಅಂತ ಬೇಜಾರು ಮಾಡ್ಕೊಂಡವರನ್ನ ನಾನಂತೂ ನೋಡಿಲ್ಲ. ಈಗ ನೋಡ್ತಿದೀನಿ, ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಮ್ಮ. ಮೊಬೈಲಲ್ಲಿ ಹಣ್ಣು ಜೋಡ್ಸೋ ಗೇಮ್ ಆಡ್ತಾರೆ, ಲೈಫ್, ಅಂದ್ರೆ ಆಡೋ ಅವಕಾಶ, ಖಾಲಿ ಆದಾಗ ಒಂದು ಆ್ಯಡ್ ನೋಡಿದ್ರೆ ಇನ್ನೊಂದು ಲೈಫ್ ಸಿಗುತ್ತಲ್ಲ, ಆಷಾಢದ ಮಳೇಲಿ ಕರೆಂಟ್ ಹೋಗಿ ಅದರ ಹಿಂದೇನೇ ಟವರೂ ಹೋದ್ರೆ ಆ್ಯಡ್ ಲೋಡ್ ಆಗಲ್ಲ, "ಥೋ, ಒಂದು ಆ್ಯಡಾದ್ರೂ ಬರಬಾರದಾ ಮಾರಾಯ" ಅಂತ ಜಗಲಿಯಿಂದ ಎದ್ದು ಅಂಗಳದ ತುದೀಲಿ ಒಂದು ಕಡ್ಡಿ ನೆಟ್‌ವರ್ಕ್ ಹುಡುಕ್ತಾ ನಿಲ್ತಾರೆ. ಕೊಡೆ ಹಿಡ್ಕೊಂಡು, ಆ್ಯಡ್ ನೋಡೋಕೆ!

ದೂರದರ್ಶನದಲ್ಲಿ ಜಾಹೀರಾತು ಶುರುವಾಗಿದ್ದು 1976ರ ಜನವರೀಲಿ. ನಮ್ಮ ಕಡೆ ಟೀವಿ ಬಂದಿದ್ದು ಅದಾಗಿ ಎಷ್ಟೋ ವರ್ಷಕ್ಕೆ ಬಿಡಿ. ಬಂದ್ಮೇಲೆ ಅಡಿಕೆ ಸುಲೀತಾ ಎಲ್ರೂ ಒಟ್ಟಿಗೆ ನೋಡೋದು, ಜಾಹೀರಾತು ಬಂತು ಅಂದ್ರೆ ಒಟ್ಟಿಗೆ ಎದ್ದೇಳೋದು. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಹಾಕಬಾರದು ಅಂತ ಕೇಬಲ್ ಟೀವಿ ರೂಲ್ಸ್ ಇದೆ, ಕೊಟ್ಟಿಗೆಗೆ ಹುಲ್ಲು, ಸಾರಿಗೆ ಒಗ್ಗರಣೆ, ಎಲ್ಲಾ ಅಷ್ಟರಲ್ಲೇ ಆಗ್ತಿತ್ತು. ಕಂಪನಿಯವರು ಲಕ್ಷಗಟ್ಲೆ ಸುರಿದು ಹಾಕ್ಸಿದ್ದನ್ನ ನಮ್ಮನೇಲಿ ಪೂರ್ತಿ ನೋಡ್ತಿದ್ದಿದ್ದು ಬೆಕ್ಕು ಮಾತ್ರ.

ಗೇಮಿನವರು ಹುಷಾರು. ತುರುಕೋ ಬದ್ಲು ಕೂಲಿ ಲೆಕ್ಕ ಮಾಡಿಟ್ರು, ಮೂವತ್ತು ಸೆಕೆಂಡ್ ನೋಡು, ಲೈಫ್ ತಗೋ, ಮಧ್ಯ ಮುಚ್ಚಿದ್ರೆ ಕೂಲಿ ಇಲ್ಲ. ಟೀವಿಲಿ ಮೀಟರ್ ಇಟ್ಟ ಕೆಲವು ಮನೆ ನೋಡಿ ಊರೆಲ್ಲಾ ಏನು ನೋಡ್ತು ಅಂತ ಅಂದಾಜು ಹಾಕ್ಬೇಕು, ಇಲ್ಲಿ ಒಂದೊಂದು ಫೋನಿಂದೂ ಲೆಕ್ಕ ಸಿಗುತ್ತೆ. ದುಡ್ಡು ಈ ಕಡೆ ಹರಿಯದೆ ಇನ್ನೇನಾಗುತ್ತೆ?

ಬರೋ ಆ್ಯಡಾದ್ರೂ ಎಂಥವು, ಒಂದು ಗೇಮಿನೊಳಗೆ ಇನ್ನೊಂದು ಗೇಮಿಂದು. ಪಾಪದವನೊಬ್ಬ ನೀರಲ್ಲಿ ಮುಳುಗ್ತಿರ್ತಾನೆ, ಸರಿಯಾದ ಪಿನ್ ಎಳೆದ್ರೆ ಬದುಕ್ತಾನೆ, ಆದ್ರೆ ಆಡೋ ಕೈ ಬೇಕಂತಲೇ ತಪ್ಪು ಪಿನ್ ಎಳಿಯುತ್ತೆ, ದೊಡ್ಡಮ್ಮ "ಆ ಕಡೇದು ಎಳಿಯೋ ಮಂಗಾ" ಅಂತ ಕೂಗ್ತಾರೆ. ನಾನೇ ವಾಸಿ ಅಂತ ನಮಗನ್ನಿಸ್ಬೇಕು, ಅದೇ ಅವರ ಉಪಾಯ. ಇಳಿಸ್ಕೊಂಡು ನೋಡಿದ್ರೆ ಒಳಗೆ ಮತ್ತದೇ ಜೋಡ್ಸೋ ಆಟ. ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಅನ್ನೋ ಗೇಮ್‌ಗಳ ಇಂಥ ಜಾಹೀರಾತು ದಾರಿ ತಪ್ಪಿಸುತ್ತೆ ಅಂತ 2020ರಲ್ಲಿ ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆನೇ ತಡೆ ಹಾಕಿತ್ತು.

ನನಗೆ ಕೊರಗು ಬೇರೆ. ಒಟ್ಟಿಗೆ ಕೂತು ಬೈಯೋಕೆ ಈಗ ಒಂದು ಜಾಹೀರಾತಿಲ್ಲ. ನಿರ್ಮಾ ಹಾಡು ಶಾಲೆಗೆ ಹೋಗೋ ಮಕ್ಕಳಿಂದ ಹಿಡಿದು ತೋಟದ ಆಳಿನವರೆಗೆ ಎಲ್ರ ಬಾಯಲ್ಲೂ ಇತ್ತು. ಈಗ ಒಂದೇ ಜಗಲೀಲಿ ಕೂತ್ರೂ ನನ್ನ ಆ್ಯಡ್ ನನಗೆ, ದೊಡ್ಡಪ್ಪಂದು ದೊಡ್ಡಪ್ಪಂಗೆ, ಅವರು ಅಡಿಕೆ ರೇಟ್ ನೋಡ್ತಾ ಇರ್ತಾರಲ್ಲ, ಔಷಧಿ ಹೊಡಿಯೋ ಪಂಪಿಂದೇ ಬರ್ತಿರುತ್ತೆ.

ದೊಡ್ಡಮ್ಮ ಮಾತ್ರ ಈಚೆಗೆ ಪಳಗಿದಾರೆ. ಆ್ಯಡ್ ಶುರು ಮಾಡಿ ಫೋನನ್ನ ಬೋರಲು ಮಲಗ್ಸಿ ಕಾವಲಿ ಹತ್ರ ಹೋಗ್ತಾರೆ, ವಾಪಸ್ ಬರೋವಾಗ ಲೈಫ್ ಬಂದಿರುತ್ತೆ, ಕಂಪನಿ ಲೆಕ್ಕದಲ್ಲಿ ಪೂರ್ತಿ ನೋಡಿದಾರೆ. ಮೊನ್ನೆ ಕೇಳ್ದೆ, "ಏನು ಆ್ಯಡ್ ಬಂದಿತ್ತು ದೊಡ್ಡಮ್ಮ?"

"ಯಾರಿಗೆ ಗೊತ್ತು. ನಿಂಗೆ ಇನ್ನೊಂದು ದೋಸೆ ಹಾಕ್ಲಾ?"