ಕಂಟೇನರ್ ತುಂಬುವವರಿಗೂ ತರಬೇತಿ ಕೊಡಿ

2025ರ ಜೂನ್‌ನಲ್ಲಿ ಕೇರಳ ಕರಾವಳಿಯಾಚೆ ವಾನ್ ಹೈ 503 ಹಡಗು ಹೊತ್ತಿ ಉರಿಯಿತು. ಅದರಲ್ಲಿದ್ದ 22 ಜನರಲ್ಲಿ 18 ಮಂದಿಯನ್ನು ನೌಕಾಪಡೆ ನಮ್ಮ ಮಂಗಳೂರಿಗೇ ಕರೆತಂದಿತು. ನಾಲ್ವರು ಕಾಣೆಯಾದರು. ಅದಕ್ಕೂ ಮೊದಲು ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತ್ತು. ಅದರ 640 ಕಂಟೇನರ್‌ಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಇವೆರಡರಲ್ಲಿ ತಪ್ಪು ಯಾರದು ಎಂದು ಹೇಳಲು ನಾನು ಹೊರಟಿಲ್ಲ. ನನ್ನ ಮಾತು ಇಂಥ ಸರಕನ್ನು ದಡದಲ್ಲಿ ತುಂಬಿಸುವವರ ಬಗ್ಗೆ.

ಕಾರ್ಬೈಡ್ ನಮಗೇನೂ ಹೊಸದಲ್ಲ. ಮಾವು ಬೇಗ ಹಣ್ಣಾಗಲಿ ಎಂದು ಕದ್ದುಮುಚ್ಚಿ ಇಡುವುದು ಅದನ್ನೇ. ನೀರು ತಾಗಿದರೆ ಅಸಿಟಿಲೀನ್ ಗ್ಯಾಸ್ ಬಿಡುತ್ತದೆ, ಗ್ಯಾಸ್ ವೆಲ್ಡಿಂಗ್‌ನಲ್ಲಿ ಉರಿಯುವ ಅದೇ ಗ್ಯಾಸ್. ಅದಕ್ಕೇ ಡ್ರಮ್ಮಿನ ಮೇಲೆ ನೀಲಿ ಬಣ್ಣದ ಲೇಬಲ್ ಇರುತ್ತದೆ, ಮೂಲೆ ಮೇಲಾಗಿ ನಿಂತ ಚೌಕ, ಒಳಗೆ ಬೆಂಕಿಯ ಚಿತ್ರ. ಈಗ ಯೋಚಿಸಿ. ಫೋರ್ಕ್‌ಲಿಫ್ಟ್‌ನ ಕೊಂಬು ತಾಗಿ ಡ್ರಮ್ಮಿಗೆ ಸಣ್ಣ ತೂತಾಯಿತು. ಪುಡಿ ಹೊರಗೆ ಚೆಲ್ಲಿಲ್ಲ, ಹೊಗೆ ಬಂದಿಲ್ಲ. ಆ ನೀಲಿ ಲೇಬಲ್ ಏನು ಹೇಳುತ್ತದೆ ಎಂದು ಗೊತ್ತಿಲ್ಲದವನು ತೂತನ್ನು ಒಳಗಡೆಗೆ ತಿರುಗಿಸಿ ಇಟ್ಟುಬಿಡುತ್ತಾನೆ. ಬಾಗಿಲು ಮುಚ್ಚಿ ಸೀಲ್ ಬಿದ್ದ ಮೇಲೆ ಸಮುದ್ರದ ಮಧ್ಯೆ ಅದನ್ನು ನೋಡುವವರು ಯಾರು?

ಕಾನೂನು ಇಲ್ಲ ಎಂದಲ್ಲ. ಅಪಾಯಕಾರಿ ಸರಕನ್ನು ಹಡಗಿನಲ್ಲಿ ಸಾಗಿಸುವ ಅಂತರರಾಷ್ಟ್ರೀಯ ನಿಯಮಾವಳಿ, ಐಎಂಡಿಜಿ ಕೋಡ್, 2004ರಿಂದಲೇ ಕಡ್ಡಾಯ. ದಡದ ಮೇಲೆ ಈ ಸರಕನ್ನು ಪ್ಯಾಕ್ ಮಾಡುವ, ಲೇಬಲ್ ಹಚ್ಚುವ, ಕಂಟೇನರ್‌ಗೆ ತುಂಬುವ, ಕಾಗದಪತ್ರ ಮಾಡುವ ಎಲ್ಲರಿಗೂ ಅವರವರ ಕೆಲಸಕ್ಕೆ ತಕ್ಕ ತರಬೇತಿ 2010ರಿಂದ ಕಡ್ಡಾಯ. ನಾನು ಕಂಡ ಮಟ್ಟಿಗೆ ಆಗುವುದು ಬೇರೆ. ಡಾಕ್ಯುಮೆಂಟೇಷನ್‌ನವರು ಎಸಿ ರೂಮಿನಲ್ಲಿ ಇಂಗ್ಲಿಷ್ ಪಾಠ ಕೇಳಿ ಬರುತ್ತಾರೆ, ಸರ್ಟಿಫಿಕೇಟ್ ಫೈಲಿಗೆ ಸೇರುತ್ತದೆ. ಡ್ರಮ್ ಎತ್ತುವವರು ಗೋಡೌನಿನಲ್ಲೇ ಉಳಿಯುತ್ತಾರೆ. ಅವರಲ್ಲಿ ಬಾಗಲಕೋಟೆಯವರಿದ್ದಾರೆ, ಕೊಪ್ಪಳದವರಿದ್ದಾರೆ, ಬಿಹಾರದವರೂ ಇದ್ದಾರೆ. ಅವರ ಭಾಷೆಯಲ್ಲಿ, ಅವರ ಕೈಗೇ ಡ್ರಮ್ ಕೊಟ್ಟು ಕಲಿಸಬೇಕು. ಅದು ಅಷ್ಟು ಕಷ್ಟವಾ?

ಬಾಂಗ್ಲಾದೇಶದ ಸೀತಾಕುಂಡದಲ್ಲಿ 2022ರ ಜೂನ್ 4ರ ರಾತ್ರಿ ಕಂಟೇನರ್ ಡಿಪೋಗೆ ಬೆಂಕಿ ಬಿತ್ತು. ಒಳಗೆ ಬೆಂಕಿಯನ್ನು ಇನ್ನಷ್ಟು ಕೆರಳಿಸುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕ ಇದೆ ಎಂದು ತಮಗೆ ಯಾರೂ ಹೇಳಿರಲಿಲ್ಲ ಎಂದು ಅಲ್ಲಿನ ಅಗ್ನಿಶಾಮಕ ದಳದವರು ಆಮೇಲೆ ಹೇಳಿದರು. ಮಾಮೂಲಿ ಬೆಂಕಿ ಅಂತ ಹತ್ತಿರ ಹೋದರು, ಸ್ಫೋಟವಾಯಿತು. ಸುಮಾರು 50 ಜನ ಸತ್ತರು, ಅವರಲ್ಲಿ ಬೆಂಕಿ ಆರಿಸಲು ಬಂದವರೂ ಇದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟೂ ಸಂಕಟವೂ ಒಟ್ಟಿಗೇ ಬರುತ್ತವೆ.

ಇನ್ನೊಂದು ವಿಷಯ. ಅಪಾಯದ ಸರಕು ಅಂದರೆ ಬರೀ ಆಸಿಡ್, ಪಟಾಕಿ ಅಲ್ಲ. ಹುಳ ಹಿಡಿಯದಿರಲಿ ಎಂದು ಫ್ಯೂಮಿಗೇಷನ್ ಮಾಡಿದ, ಅಂದರೆ ವಿಷದ ಗ್ಯಾಸ್ ಬಿಟ್ಟ ಕಾಫಿ ಕಂಟೇನರ್ ಕೂಡ ಗ್ಯಾಸ್ ಹೊರಹೋಗುವ ತನಕ ಅಪಾಯಕಾರಿಯೇ. ಬಾಗಿಲಲ್ಲಿ ತಲೆಬುರುಡೆಯ ಎಚ್ಚರಿಕೆ ಅಂಟಿಸುತ್ತಾರೆ. ಗಾಳಿಯಾಡಿಸದೆ ಒಳಗೆ ಕಾಲಿಟ್ಟರೆ ಪ್ರಾಣಕ್ಕೇ ಸಂಚಕಾರ. ತೆಂಗಿನ ಚಿಪ್ಪಿನ ಇದ್ದಿಲೂ ಹಾಗೆಯೇ, ಚೆನ್ನಾಗಿ ಆರುವ ಮೊದಲೇ ತುಂಬಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. 2026ರ ಜನವರಿಯಿಂದ ಇದ್ದಿಲಿನ ನಿಯಮ ಬಿಗಿಯಾಗಿದೆ. ಕಂಟೇನರ್‌ನಲ್ಲಿ ಮೇಲೆ 30 ಸೆಂಟಿಮೀಟರ್ ಜಾಗ ಖಾಲಿ ಬಿಡಬೇಕು. ಆ ಜಾಗ ಯಾಕೆ ಅಂತ ಹೇಳದಿದ್ದರೆ ಚೀಲ ಪೇರಿಸುವವರು ಇನ್ನೂ ನಾಲ್ಕು ಹಾಕಿಯೇ ಹಾಕುತ್ತಾರೆ.

ಹಾಕದೆ ಏನು ಮಾಡಿಯಾರು? ಎಷ್ಟೋ ಕಡೆ ಲೋಡಿಂಗ್‌ನವರಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಡ್ರಮ್ ಸೋರುತ್ತಿದೆ ಅಂತ ಕೆಲಸ ನಿಲ್ಲಿಸಿದರೆ ಆವತ್ತಿನ ಸಂಬಳ ಅವರದ್ದೇ ಹೋಗುತ್ತದೆ. ನಿಲ್ಲಿಸಿದವನ ಕೂಲಿ ಕಡಿತ ಮಾಡಲ್ಲ ಎಂದು ಮಾಲೀಕರು ಮೊದಲೇ ಬರೆದುಕೊಡಬೇಕು. ಅದಿಲ್ಲದೆ ಎಷ್ಟು ಕ್ಲಾಸ್ ಮಾಡಿದರೂ ಸುಮ್ನೆ.

ಕಂಟೇನರ್ ಸರಿಯಾಗಿ ತುಂಬಿದೆ ಎಂದು ಪ್ಯಾಕಿಂಗ್ ಸರ್ಟಿಫಿಕೇಟ್‌ಗೆ ಸಹಿ ಹಾಕುವ ಗೆಳೆಯರೇ, ಮುಂದಿನ ಸಲ ಸಹಿಗೆ ಮೊದಲು ಫೋರ್ಕ್‌ಲಿಫ್ಟ್ ಓಡಿಸುವವರನ್ನು ಕರೆಯಿರಿ. ಲೇಬಲ್ ತೋರಿಸಿ, ಇದೇನು ಅಂತ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಆ ಕಂಟೇನರ್ ಆವತ್ತು ಹೋಗುವುದು ಬೇಡ.