ಶೇಂಗಾ ಬೆಳೆಗಾರರಿಗೆ ಸಂದ ಸರ್ಕಾರಿ ಹಣ: ಹೆಸರು, ಮೊತ್ತ ಬಹಿರಂಗವಾಗಬೇಕೇ?

ಪರ

ಚಳ್ಳಕೆರೆ, ಪಾವಗಡ ಸೀಮೆಯ ಯಾವ ಹಳ್ಳಿಗೆ ಹೋದರೂ ಈ ಮುಂಗಾರಿನಲ್ಲಿ ಯಾರ ಹೊಲದಲ್ಲಿ ಶೇಂಗಾ ಇತ್ತು, ಯಾರದು ಬೀಳು ಬಿದ್ದಿತ್ತು ಎಂಬುದು ಊರಿನವರಿಗೆ ಬಾಯಿಪಾಠವಾಗಿರುತ್ತದೆ. ಸರ್ಕಾರದ ಕಂಪ್ಯೂಟರಿಗೆ ಗೊತ್ತಿರುವುದು ಪಹಣಿಯ ಕಲಂ ಮತ್ತು ಬೆಳೆ ಸಮೀಕ್ಷೆಯ ಫೋಟೋ ಮಾತ್ರ. ವ್ಯಾಪಾರಿಯೊಬ್ಬ ಅಗ್ಗಕ್ಕೆ ಕೊಂಡ ಮಾಲನ್ನು ಯಾರದೋ ಪಹಣಿ, ಪಾಸ್‌ಬುಕ್ಕಿನ ಮೇಲೆ ಬೆಂಬಲ ಬೆಲೆಯ ಕೇಂದ್ರಕ್ಕೆ ಸುರಿದರೆ ಕಾಗದಪತ್ರಗಳೆಲ್ಲ ಸರಿಯಾಗಿಯೇ ಇರುತ್ತವೆ. ಅದನ್ನು ಹಿಡಿಯಬಲ್ಲವನು ಪಟ್ಟಿ ಓದಿದ ಪಕ್ಕದ ಹೊಲದವನೇ. 2024-25ರಲ್ಲಿ ಶೇಂಗಾಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 6,783 ರೂಪಾಯಿ ಇತ್ತು. ಪೇಟೆಯ ಧಾರಣೆ 5,500 ಎಂದಿಟ್ಟುಕೊಂಡರೆ ಇಪ್ಪತ್ತು ಕ್ವಿಂಟಲ್‌ಗೆ 25,660 ರೂಪಾಯಿ ಅಂತರ ಬೀಳುತ್ತದೆ. ಕೈ ಚಾಚಲು ಅಷ್ಟು ಸಾಕು.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಸಬ್ಸಿಡಿ ಕಾರ್ಯಕ್ರಮಗಳಿಗೆ ಹಂಚಿದ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕೆಂದು ಹೇಳುತ್ತದೆ. ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶವಿರುವ ಅದೇ ಕಾಯ್ದೆಯ 8(1)(ಜೆ) ಕಲಂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಬಿಗಿಯಾಗಿದ್ದರಿಂದ "ಇದು ವೈಯಕ್ತಿಕ ಮಾಹಿತಿ" ಎಂದು ಅರ್ಜಿಯನ್ನು ಹಿಂದಿರುಗಿಸುವುದು ಸುಲಭವಾಗಿದೆಯಾದರೂ 4ನೇ ಕಲಂ ಇದ್ದಂತೆಯೇ ಇದೆ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎಣ್ಣೆಕಾಳು ಮಿಷನ್ನಿಗೆ ಏಳು ವರ್ಷಗಳ ಅವಧಿಗೆ 10,103 ಕೋಟಿ ರೂಪಾಯಿ ಒಪ್ಪಿದೆ. ಅದರಲ್ಲಿ ತಮ್ಮ ಊರಿಗೆ ಬಂದದ್ದೆಷ್ಟು, ಯಾರ ಕೈ ಸೇರಿತು ಎಂದು ಕೇಳುವುದು ಚಾಡಿಯಲ್ಲ. ಪಿಎಂ ಕಿಸಾನ್ ಫಲಾನುಭವಿಗಳ ಹಳ್ಳಿವಾರು ಪಟ್ಟಿ ಈಗಾಗಲೇ ಎಲ್ಲರಿಗೂ ಕಾಣುತ್ತಿದೆ; ಅದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ.

ವಿರೋಧ

ಪಿಎಂ ಕಿಸಾನಿನ ಹೋಲಿಕೆ ಇಲ್ಲಿಗೆ ಒಗ್ಗುವುದಿಲ್ಲ. ಅಲ್ಲಿ ಎಲ್ಲರಿಗೂ ವರ್ಷಕ್ಕೆ ಅದೇ 6,000 ರೂಪಾಯಿ. ಆ ಅಂಕಿ ಯಾರ ಗುಟ್ಟನ್ನೂ ಹೇಳುವುದಿಲ್ಲ. ಕ್ವಿಂಟಲ್ ಲೆಕ್ಕದಲ್ಲಿ ಸಂದ ಹಣವಾದರೆ ಮನೆಗೆ ಎಷ್ಟು ಬೆಳೆ ಬಂತೆಂಬುದನ್ನೇ ಹೇಳಿಬಿಡುತ್ತದೆ, ಮತ್ತು ಆ ಪಟ್ಟಿಯನ್ನು ಮೊದಲು ಓದುವವನು ಸಾಮಾಜಿಕ ಕಾರ್ಯಕರ್ತನಲ್ಲ, ಗೊಬ್ಬರವನ್ನು ಉದ್ರಿ ಕೊಟ್ಟ ಅಂಗಡಿಯವನು. ಯುರೋಪಿನಲ್ಲೂ ಈ ಪ್ರಶ್ನೆ ಎದ್ದಿತ್ತು: ಜರ್ಮನಿಯ ಹೆಸ್ಸೆ ರಾಜ್ಯದಿಂದ ಹೋದ ಮೊಕದ್ದಮೆಯಲ್ಲಿ, ಕೃಷಿ ನೆರವು ಪಡೆದ ವ್ಯಕ್ತಿಗಳೆಲ್ಲರ ಹೆಸರನ್ನು ಸಾರಾಸಗಟಾಗಿ ಪ್ರಕಟಿಸುವುದು ಅತಿಯಾಯಿತೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು, 2013ರ ಹೊಸ ನಿಯಮ ಪ್ರಕಟಣೆಯನ್ನು ಮರಳಿ ತಂದರೂ ತೀರ ಸಣ್ಣ ಮೊತ್ತ ಪಡೆದವರ ಹೆಸರನ್ನು ಪಟ್ಟಿಯಿಂದ ಕೈಬಿಟ್ಟಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಗೇಣಿ ಕಾನೂನಿನಲ್ಲಿಲ್ಲ, ಹೊಲದಲ್ಲಿದೆ. ಪಾಲಿಗೆ ಮಾಡಿದವನು ಬಿತ್ತಿ, ಕಿತ್ತು, ಬಿಡಿಸಿ, ಒಣಗಿಸಿದರೂ ಹಣ ಬೀಳುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಪಟ್ಟಿಯನ್ನು ನೋಡಿ ಯಾರಾದರೂ ತಕರಾರು ತೆಗೆದರೆ ಮುಂದಿನ ಮುಂಗಾರಿಗೆ ಹೊಲ ಕಳೆದುಕೊಳ್ಳುವವನು ಪಾಲಿನವನೇ.

ಎರಡೂ ಪಕ್ಷವನ್ನು ಬರೆಯುತ್ತಿರುವ ನನಗೆ ಈ ಕಡೆ ತುಸು ವಾಲಿಕೆ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ, ಮತ್ತು ಅದಕ್ಕೆ ಕಾರಣ ಮಧ್ಯಪ್ರದೇಶದ ಭಾವಾಂತರ ಯೋಜನೆ. 2017ರಲ್ಲಿ ಸೋಯಾ, ಶೇಂಗಾ, ಎಳ್ಳು, ಹುಚ್ಚೆಳ್ಳು ಸೇರಿ ಎಂಟು ಬೆಳೆಗಳಿಗೆ, ಬೆಂಬಲ ಬೆಲೆ ಮತ್ತು ಮಂಡಿಯ ಮಾದರಿ ದರದ (ಸರ್ಕಾರ ಲೆಕ್ಕ ಹಾಕಿದ ಸರಾಸರಿ ಧಾರಣೆಯ) ನಡುವಣ ವ್ಯತ್ಯಾಸವನ್ನು ಆಧಾರವಾಗಿಟ್ಟು ರೈತರ ಖಾತೆಗೆ ಹಣ ತುಂಬಲಾಯಿತು. ವ್ಯತ್ಯಾಸವನ್ನು ಸರ್ಕಾರವೇ ಕಟ್ಟಿಕೊಡುತ್ತದೆಂದು ತಿಳಿದ ವರ್ತಕರು ಕೂಡಿಕೊಂಡು ಧಾರಣೆ ಇಳಿಸಿದರು ಎಂಬುದು ಆಗ ಎದ್ದ ದೊಡ್ಡ ದೂರು. ಅಲ್ಲಿನ ರೈತರೆಲ್ಲರ ಹೆಸರನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದರೂ ಆ ದೂರು ನಿಜವೋ ಸುಳ್ಳೋ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಬೇಕಿದ್ದುದು ಯಾವ ದಿನ, ಯಾವ ವರ್ತಕ, ಎಷ್ಟು ಮಾಲನ್ನು ಯಾವ ದರಕ್ಕೆ ಕೂಗಿದ ಎಂಬ ಪಟ್ಟಿ. ಹಾಗೆಯೇ ಖರೀದಿ ಕೇಂದ್ರದಲ್ಲಿ ತೇವಾಂಶದ ಮೀಟರು ಶೇಕಡಾ 8 ದಾಟಿತೆಂದು ಹಿಂದಿರುಗಿಸಿದ ಚೀಲಗಳೆಷ್ಟು, ಅವೇ ಚೀಲಗಳು ಸಂಜೆಯೊಳಗೆ ಎಲ್ಲಿ, ಎಷ್ಟಕ್ಕೆ ಬಿಕರಿಯಾದವು ಎಂಬುದನ್ನು ಯಾರೂ ಬೋರ್ಡಿನ ಮೇಲೆ ಬರೆಯುವುದಿಲ್ಲ. ಕಾಯಿ ಹೊತ್ತು ತಂದವನ ಹೆಸರನ್ನಾದರೆ ಎಲ್ಲರೂ ಬರೆದುಕೊಳ್ಳುತ್ತಾರೆ.