ಕೇಸ್ ಶೀಟ್ ಓದಲು ಎಲ್‌ಎಲ್‌ಬಿ ಯಾಕೆ?

'ವಕೀಲರಿಗೆ ಸಲಹೆ ಕೊಡುವ ನರ್ಸ್ ಆಗಬೇಕಾದರೆ ಮೊದಲು ಎಲ್‌ಎಲ್‌ಬಿ ಮಾಡಿ' ಅಂತ ನಾನು ಓದಿದ ಒಂದು ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ಕಾನೂನು ವಕೀಲರಿಗೆ ಗೊತ್ತೇ ಇರುತ್ತದೆ, ಅಲ್ವಾ? ಚಿಕಿತ್ಸೆಯಲ್ಲಿ ತಪ್ಪಾಯಿತು ಅನ್ನುವ ಕೇಸ್‌ಗಳಲ್ಲಿ ಅವರು ತಡವರಿಸುವುದು ಕೇಸ್ ಶೀಟ್, ಅಂದರೆ ಆಸ್ಪತ್ರೆಯಲ್ಲಿ ರೋಗಿಯ ಬಗ್ಗೆ ಬರೆದಿಟ್ಟ ದಾಖಲೆಯ ಮುಂದೆ. ಬಿಪಿ ಯಾವಾಗ ಇಳಿಯಿತು, ಡಾಕ್ಟರಿಗೆ ಎಷ್ಟು ಗಂಟೆಗೆ ತಿಳಿಸಿದರು, ಚಾರ್ಟ್‌ನಲ್ಲಿ ಬರೆದ ಇಂಜೆಕ್ಷನ್‌ಗೆ ಕೊಟ್ಟವರ ಸಹಿ ಇದೆಯಾ? ಇದನ್ನೆಲ್ಲ ವಾರ್ಡಿನಲ್ಲಿ ನೈಟ್ ಡ್ಯೂಟಿ ಮಾಡಿದ ಸಿಸ್ಟರ್ ಬೇಗ ಹಿಡಿಯುತ್ತಾರೆ. ನಮ್ಮ ಬೆಳಗಾವಿಯಲ್ಲಿ ಗ್ರಾಹಕರ ಆಯೋಗಕ್ಕೆ ಹೋಗುವ ಎಷ್ಟೋ ರೋಗಿಗಳ ಮನೆಯವರಿಗೆ, ಕೇಳಿದ 72 ಗಂಟೆಯೊಳಗೆ ಡಾಕ್ಟರ್ ಚಿಕಿತ್ಸೆಯ ದಾಖಲೆ ಕೊಡಬೇಕು ಅನ್ನುವ 2002ರ ನಿಯಮವೇ ಗೊತ್ತಿರುವುದಿಲ್ಲ. ನರ್ಸ್‌ಗಳಾದ ನಮ್ಮ ಕೆಲಸ ಅಲ್ಲಿಂದಲೇ ಶುರು. ಆದರೆ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಅಂತ ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸ್ ಹಾಕಲು ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಬೇಕು ಅಂತ 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಜಾಗದಲ್ಲಿ ನರ್ಸ್ ನಿಲ್ಲಲು ಹೋಗಬಾರದು.